ಒಳಗ ಮೀಟಿಂಗ್ ನಡದೈತಿ

ಶಹಾಪುರ
೧೧ ಫೆಬ್ರುವರಿ ೨೦೨೫

ನೀಲಕಂಠ ಅವರಿಗೆ,

ನಮಸ್ಕಾರ. ‘ಅರ್ಧ ದಾರಿ ನೀನು ಬಾ, ಉಳಿದರ್ಧ ನಾನು ಬರುತ್ತೇನೆ.’ ಮದುವೆಗೆ ಮುಂಚೆ ನೀವು ಬರೆದ ಕಾಗದದ ಸಾಲು ಹೀಗೇ ಇತ್ತೇ? ಇಲ್ಲಾ, ‘ಪೂರಾ ನಾನೇ ಬರುತ್ತೇನೆ’ ಎಂದಿತ್ತೇ? ಎರಡು ದಿನದಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಆ ಕಾಗದ ಯಾದಗಿರಿಯ ಟ್ರಂಕಿನಲ್ಲೇ ಉಳಿದಿದೆ.

ಹೋದ ವಾರ ಕಾಲೇಜಿನಲ್ಲಿ ಒಬ್ಬ ಹುಡುಗಿ, ಮೀಟ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದಳು. ಭೇಟಿಯಾಗು, ಎದುರಾಗು, ಕೂಡು ಎಂದೆ. ಇಂಗ್ಲಿಷಿನಲ್ಲಿ ಹೊಳೆಗೆ ಹೊಳೆ ಸೇರುವುದಕ್ಕೂ ಅದೇ ಶಬ್ದ, ಒಬ್ಬರ ಬೇಡಿಕೆ ಈಡೇರಿಸುವುದಕ್ಕೂ ಅದೇ. “ಮತ್ತ ಮೀಟಿಂಗ್ ಅಂದ್ರ ಮೇಡಂ?” ಎಂದಳು. ಅದು ಕನ್ನಡವೇ ಆಗಿಹೋಗಿದೆ ಎಂದುಬಿಟ್ಟೆ. ಆ ಶಬ್ದವನ್ನು ನನಗೆ ಕಲಿಸಿದವರು ನೀವು. ಆಫೀಸಿಗೆ ಯಾವಾಗ ಫೋನ್ ಮಾಡಿದರೂ “ಮೀಟಿಂಗ್‌ನ್ಯಾಗ ಅದೀನಿ, ಆಮ್ಯಾಲ ಮಾಡ್ತೀನಿ.” ಕೊಡೇಕಲ್‌ನಲ್ಲಿ ಅವ್ವ ತೀರಿಕೊಂಡ ದಿನವೂ ಅಷ್ಟೇ. ನಿಮ್ಮ ‘ಆಮ್ಯಾಲ’ ಮೂರನೇ ದಿನಕ್ಕೆ ಬಂತು. ಮಣ್ಣು ಮುಗಿಸಿ ಇಲ್ಲಿ ಶಹಾಪುರದ ಅಣ್ಣನ ಮನೆಗೆ ಬಂದವಳು ನಾನು ಯಾದಗಿರಿಗೆ ಮರಳಲಿಲ್ಲ.

ಮೊನ್ನೆ ಭಾನುವಾರ ಇಲ್ಲಿ ನಮ್ಮಿಬ್ಬರ ಮೀಟಿಂಗ್ ಆಯಿತು. ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ, ನಾನು ಅಡುಗೆಮನೆಯಲ್ಲಿ. ಎಂ.ಎ. ಓದಿದ್ದೇನೆ, ಪಾಠ ಹೇಳುತ್ತೇನೆ. ನನ್ನ ಬಾಳಿನ ಮಾತು ಬಂದಾಗ ಬಾಗಿಲ ಹಿಂದೆ ನಿಲ್ಲುವ ರೂಢಿ ಮಾತ್ರ ಅವ್ವನ ಕಾಲದ್ದೇ. ನೀವು ಬಂದಿದ್ದೀರೆಂದು ಅಣ್ಣ ಹೇಳಿದ. ಚಹಾದ ತಟ್ಟೆಯನ್ನೂ ಅವನೇ ಒಯ್ದ. “ಓದಿದ ಹೆಣ್ಣು ತಂದ್ರ ಇದೇ ಹಣೇಬರಹ ನೋಡ್ರಿ, ಮಾತಿಗೊಂದು ಅರ್ಥ ಕೇಳ್ತಾಳ” ಎಂದರು ನಿಮ್ಮ ಸಂಗಮನಾಥ ಕಾಕಾ. ಎಲ್ಲರೂ ನಕ್ಕರು, ಅಣ್ಣನೂ ನಕ್ಕ. “ನಮ್ಮ ಹುಡುಗ ಒಪ್ಯಾನ. ಬ್ಯಾರೆ ಬ್ಯಾರೆ ಇರ್ಲಿ” ಎಂದು ಮುಗಿಸಿದವರೂ ಅವರೇ. ಐವತ್ತೆರಡರ ಹುಡುಗ ನೀವು. ನಿಮ್ಮ ದನಿಗಾಗಿ ಕಿವಿಗೊಟ್ಟು ನಿಂತೆ. ಒಮ್ಮೆಯೂ ಕೇಳಲಿಲ್ಲ.

ಈಗ ಮುಚ್ಚಿಡುವುದೇನಿದೆ? ಬ್ಯಾಗು ತುಂಬಿಟ್ಟಿದ್ದೆ. ನೀವು ಅಡುಗೆಮನೆಯ ಬಾಗಿಲಿಗೆ ಬಂದು “ನಡಿ” ಎಂದಿದ್ದರೆ ನಿಮ್ಮೊಂದಿಗೆ ಬಸ್ಸು ಹತ್ತುತ್ತಿದ್ದೆ. ಬಾಗಿಲಿಗೆ ಬಂದದ್ದು ಛಾಪಾ ಕಾಗದ. ಬೇರೆ ಇರಲು ನನ್ನದೂ ಒಪ್ಪಿಗೆ ಎಂದು ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ನಿಮ್ಮ ಸಹಿಯ ಜಾಗ ಖಾಲಿ ಇದೆ. ಮೀಟಿಂಗುಗಳ ನಡುವೆ ಬಿಡುವಾದಾಗ ಹಾಕಿ.

ಇತಿ,
ಕಸ್ತೂರಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಪಕ್ಕದ ಮನೆಯ ಫರ್ಹತ ಬಂದಳು, ನೀವು ಅವರ ಕಟ್ಟೆಯ ಮೇಲೆ ಮರೆತುಹೋದ ಕನ್ನಡಕ ಕೊಡಲು. ಹಿರಿಯರು ಮಾತಾಡುವಾಗ ನೀ ಹೊರಗಿರು ಎಂದು ಕಾಕಾ ಭಾನುವಾರ ನಿಮಗೆ ಹೇಳಿದರಂತೆ. ಎಲ್ಲ ಮುಗಿಯುವವರೆಗೆ ನೀವು ಅಲ್ಲೇ, ನಮ್ಮ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಕುಳಿತಿದ್ದಿರಂತೆ. ಅಕ್ಕಾರನ್ನ ಕರೀಲೇನ್ರಿ ಎಂದು ಅವಳು ಕೇಳಿದ್ದಕ್ಕೆ, “ಬ್ಯಾಡ್ರಿ, ಒಳಗ ಮೀಟಿಂಗ್ ನಡದೈತಿ” ಎಂದಿರಂತೆ. ಎಂಟು ಹೆಜ್ಜೆಯ ಓಣಿ ಅದು. ನೀವೂ ದಾಟಲಿಲ್ಲ, ನಾನೂ ಕಿಟಕಿ ತೆಗೆಯಲಿಲ್ಲ.

ಛಾಪಾ ಕಾಗದವನ್ನು ಹೊರಗೆ ತೆಗೆದು ಕನ್ನಡಕದ ಕೆಳಗೆ ಇಟ್ಟಿದ್ದೇನೆ. ಬೇಕಾದರೆ ನೀವೇ ಬಂದು ಒಯ್ಯಿರಿ. ಅರ್ಧ ದಾರಿಗಲ್ಲ, ಈ ಬಾಗಿಲ ತನಕ. ಫರ್ಹತ ಹೊರಟವಳು ಅದೇ ಬಾಗಿಲಲ್ಲಿ ತಿರುಗಿ ಕೇಳಿದಳು: “ಅವ್ರು ನಮ್ಮ ಕಟ್ಟಿ ಮ್ಯಾಲ, ನೀವು ಒಲಿ ಮುಂದ. ಮತ್ತ ಒಳಗ ನಡದಿದ್ದು ಯಾರ ಮೀಟಿಂಗ್ರೀ ಅಕ್ಕಾ?”