ಹೊಲಿದಿಟ್ಟ ಕೊನೆಯ ಅಧ್ಯಾಯ

ಮನೆಯಿಂದ, ಕಿಟಕಿಯ ಪಕ್ಕದ ಮೇಜು
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡಿದ್ದ ಕೈ ವಾಸಿಯಾಯಿತಾ? ಮುಲಾಮು ಹಚ್ಚು ಅಂದರೆ ಹಚ್ಚುವವನಲ್ಲ ನೀನು, ಗೊತ್ತು. ಅಮ್ಮನ ಮಂಡಿನೋವು ಇದ್ದಂತೆಯೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಾನು ಚೆನ್ನಾಗಿದ್ದೇನೆ, ನಿನ್ನ ಮೇಲಿನ ಸಿಟ್ಟೊಂದನ್ನು ಬಿಟ್ಟರೆ.

ಸಿಟ್ಟು ಯಾಕೆ ಅಂತೀಯಾ? ‘ನನ್ನ ಕಾದಂಬರಿ ಯಾರಿಗೂ ಬೇಡ ಅಕ್ಕಾ, ಉಳಿದ ಪ್ರತಿಗಳನ್ನ ಅಂಗಡಿಯಿಂದ ತಂದು ರದ್ದಿಗೆ ಹಾಕಿಬಿಡು, ನಾನಿನ್ನು ಬರೆಯೋದಿಲ್ಲ’ ಎಂದು ಬರೆದೆಯಲ್ಲ, ಅದಕ್ಕೆ. ಓದಿ ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ಪುಸ್ತಕದಂಗಡಿಗೆ ಹೋದೆ. ನಿನ್ನ ಪುಸ್ತಕ ಪರೀಕ್ಷೆಯ ಗೈಡುಗಳ ಹಿಂದೆ, ನೆಲಕ್ಕೆ ತಾಗುವ ಕಪಾಟಿನಲ್ಲಿ ಮಲಗಿತ್ತು. ‘ಹೆಸರು ಮಾಡಿದವರದ್ದೇ ಹೋಗಲ್ಲಮ್ಮಾ. ಕೇಳಿದೋರಿಗೆ ಕೊಡ್ತೀನಿ ಬಿಡಿ’ ಎಂದರು ಅಂಗಡಿಯವರು. ‘ಕಣ್ಣಿಗೇ ಬೀಳದ್ದನ್ನ ಯಾರ್ರೀ ಕೇಳ್ತಾರೆ?’ ಎಂದೆ. ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನವೇ ಒಂದು ಪ್ರತಿಯನ್ನು ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಒಯ್ದು, ರೋಗಿಗಳು ಕಾಯುವ ಕೋಣೆಯಲ್ಲಿಟ್ಟೆ. ಒಬ್ಬರಾದರೂ ಮುಟ್ಟಬೇಕಲ್ಲ! ಎಲ್ಲರೂ ಹಳೆಯ ಸಿನಿಮಾ ಪತ್ರಿಕೆಗಳನ್ನೇ ತಿರುವಿಹಾಕಿದರು. ಆ ಪತ್ರಿಕೆಗಳನ್ನೆಲ್ಲ ಕೈಗವಸಿನ ಬೀರುವಿಗೆ ತುಂಬಿ ಬೀಗ ಜಡಿದೆ. ಹಲ್ಲುನೋವಿನವರು ಇನ್ನೇನು ಮಾಡುತ್ತಾರೆ, ಪಾಪ, ಓದಲು ಶುರುಮಾಡಿದರು. ಆದರೆ ಇಲ್ಲೇ ಬಿಟ್ಟಿಯಾಗಿ ಓದಿ ಮುಗಿಸಿದರೆ ಅಂಗಡಿಗೆ ಹೋಗಿ ಕೇಳುವವರು ಯಾರು? ಅದಕ್ಕೇ ಕೊನೆಯ ಅಧ್ಯಾಯದ ಹಾಳೆಗಳ ಅಂಚನ್ನು, ಒಸಡು ಹೊಲಿಯುವ ದಾರ ತೆಗೆದುಕೊಂಡು ಹೊಲಿದುಬಿಟ್ಟೆ. ಡಾಕ್ಟರು ಮೊದಲು ಬೈದರು, ಆಮೇಲೆ ಹೊಲಿಗೆ ನೀಟಾಗಿದೆ ಎಂದರು.

ಮೊದಲು ಸಿಕ್ಕಿಬಿದ್ದವರು ಒಬ್ಬ ಬಸ್ ಡ್ರೈವರು. ಬಂದಾಗಲೆಲ್ಲ ಒಂದಿಷ್ಟು ಓದಿ, ನಿನ್ನ ಕಾದಂಬರಿಯ ಲಿಫ್ಟ್ ನಡೆಸುವ ಹೆಂಗಸು ಒಂದು ಬೆಳಿಗ್ಗೆ ಕೆಲಸಕ್ಕೆ ಬಾರದೇ ಹೋಗುವಲ್ಲಿಗೆ ತಲುಪಿದ್ದರು. ನೋಡಿದರೆ ಮುಂದೆ ಹೊಲಿಗೆ! ಆಗಷ್ಟೇ ದವಡೆಹಲ್ಲು ಕೀಳಿಸಿಕೊಂಡಿದ್ದರು, ಬಾಯಿ ತುಂಬ ಹತ್ತಿ. ಕೈಸನ್ನೆಯಲ್ಲೇ ಕತ್ತರಿ ಕೇಳಿದರು. ನಾನೂ ಕೈಸನ್ನೆಯಲ್ಲೇ ಪುಸ್ತಕದಂಗಡಿಯ ದಾರಿ ತೋರಿಸಿದೆ. ಅವರ ಹಿಂದೆ ಒಬ್ಬರು ಟೀಚರು, ಆಮೇಲೆ ಹಲ್ಲುಸೆಟ್ಟು ಕಟ್ಟಿಸಲು ಬಂದ ಬೇಕರಿಯ ಅಜ್ಜಿ. ನಿನ್ನೆ ಅಂಗಡಿಯವರೇ ದಾರಿಯಲ್ಲಿ ತಡೆದು, ‘ಇದೆಂಥ ಪುಸ್ತಕಾನ್ರೀ? ಕೇಳೋಕೆ ಬರೋರೆಲ್ಲ ಕೆನ್ನೆ ಊದಿಸ್ಕೊಂಡೇ ಬರ್ತಾರಲ್ಲ!’ ಎಂದರು. ಪುಸ್ತಕ ಈಗ ಬಾಗಿಲ ಪಕ್ಕದ ಗಾಜಿನ ಕಪಾಟಿನಲ್ಲಿದೆ. ಊರೆಲ್ಲ ಓದಿತು ಎಂದು ಸುಳ್ಳು ಹೇಳಲಾರೆ, ಓದಿದವರು ಬೆರಳೆಣಿಕೆಯಷ್ಟು ಜನ. ಆದರೆ ನಾನಿರುವಾಗ ಒಂದು ಪ್ರತಿಯೂ ರದ್ದಿಗೆ ಹೋಗುವುದಿಲ್ಲ, ತಿಳಿದುಕೋ.

ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಅಮ್ಮನ ಆಜ್ಞೆ. ಅಡುಗೆಯವನಿಗೇ ಇದನ್ನು ಹೇಳಬೇಕಾ ಎಂದರೆ ನನಗೇ ಬೈಗುಳ. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ.

ನಿನ್ನ ಹಟಮಾರಿ
ಅಕ್ಕ

ತಾ.ಕ.: ಮುಖ್ಯವಾದದ್ದೇ ಮರೆತೆ ನೋಡು. ಡ್ರೈವರು ಪುಸ್ತಕ ಓದಿ ಮುಗಿಸಿ ಬಂದಿದ್ದರು. ‘ಆ ಹೆಂಗಸು ಮೆಟ್ಟಿಲಿಳಿದು ಹೊರಟುಹೋದ್ಲಲ್ಲ, ಆಮೇಲೆ ಏನಾದ್ಲು?’ ಎಂದು ಕೇಳಿದರು. ಬಾಯಿಮಾತಿಗಲ್ಲ ಕಣೋ, ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ‘ನನ್ನ ತಮ್ಮ ಎರಡನೇ ಭಾಗ ಬರೀತಿದ್ದಾನೆ’ ಎಂದುಬಿಟ್ಟೆ. ಹೊಸ ಹಲ್ಲು ಕಟ್ಟಿಸಲು ಮುಂದಿನ ತಿಂಗಳು ಬರುತ್ತಾರೆ. ಅಷ್ಟರೊಳಗೆ ಮೊದಲ ಅಧ್ಯಾಯ ಕಳಿಸು. ಸೂಜಿ ದಾರ ತೆಗೆದಿಟ್ಟಿದ್ದೇನೆ.