ದೊಡ್ಡಪತ್ರೆ ತಂಬುಳಿ ಯಾರ ಹೆಸರಿಗೆ

ಶ್ರೀವಾಣಿ,

ನಮ್ಮ ಮಾತು ನಿಂತ ಮೇಲೆ ಹಾಗೇ ಬಿದ್ದಿದ್ದ, ನಾವಿಬ್ಬರೂ ಬರೆಯುತ್ತಿದ್ದ 'ತಂಬುಳಿ' ಬ್ಲಾಗನ್ನು ಮೊನ್ನೆ ಹೊಸ ಸರ್ವರ್‌ಗೆ ತಂದೆ. ಸಾಫ್ಟ್‌ವೇರ್ ಹಾಕುವುದೇನೂ ಕಷ್ಟವಾಗಲಿಲ್ಲ. ಹಳೆಯ ಬರಹಗಳನ್ನು ತುಂಬಿಸುವಾಗ ಮಾತ್ರ, 'ಶ್ರೀವಾಣಿ ಬರೆದದ್ದನ್ನೆಲ್ಲ ಯಾರ ಹೆಸರಿಗೆ ಹಾಕಲಿ' ಎಂದು ಅದು ಕೇಳಿತು. ಹೊಸ ಸೈಟಿನಲ್ಲಿ ಇದ್ದದ್ದು ನನ್ನ ಹೆಸರೊಂದೇ. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡು ಅದನ್ನೇ ಒತ್ತಿದೆ.

ಇವತ್ತು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಕಮ್ಮರಡಿಯ ದೇವಕಿ ಅತ್ತೆ ಸಿಕ್ಕಿದರು. "ಎಂತ ಚೆಂದ ಬರ್ದಿದೀಯೇ ಶಾಂಭವಿ! ಆ ದೊಡ್ಡಪತ್ರೆ ತಂಬುಳಿದು ಓದಿ ಕಣ್ಣಲ್ಲಿ ನೀರು ಬಂತು ಮಾರಾಯ್ತಿ. ನಿನ್ನಜ್ಜಿ ಕಣ್ಣು ಕಾಣ್ದೆ ಇದ್ರೂ ವಾಸ್ನೆ ಮೇಲೇ ಸೊಪ್ಪು ಕೊಯ್ತಿದ್ರಾ?"

"ಹೌದು ಅತ್ತೆ" ಅಂದೆ.

ನನ್ನ ಅಜ್ಜಿಯನ್ನು ನಾನು ನೋಡಿಯೇ ಇಲ್ಲ. ನನಗೆ ತಂಬುಳಿ ಬಡಿಸಿದ್ದು ನಿನ್ನಜ್ಜಿ.

ಮನೆಗೆ ಬಂದವಳೇ ನಿನ್ನ ಹೆಸರು ಸೇರಿಸಲು ಕೂತೆ. ಇಮೇಲ್ ವಿಳಾಸ ಕೇಳಿತು. ಎಲ್ಲೂ ಹುಡುಕಬೇಕಾಗಲಿಲ್ಲ, ಬೆರಳೇ ಬರೆಯಿತು. ಬರಹಗಳನ್ನೆಲ್ಲ ನಿನ್ನ ಹೆಸರಿಗೆ ಮರಳಿಸುವ ಮೊದಲು, ಇವರಿಗೆ ಮೇಲ್ ಕಳಿಸಿ ತಿಳಿಸಬೇಕೇ ಎಂದೂ ಕೇಳಿತು. ಹೌದು ಎಂದು ತಾನೇ ಮೊದಲೇ ಟಿಕ್ ಹಾಕಿಟ್ಟಿತ್ತು.

ಟಿಕ್ ತೆಗೆದು, ಬರಹಗಳನ್ನು ನಿನ್ನ ಹೆಸರಿಗೆ ಸೇವ್ ಮಾಡಿದೆ.