ಹ್ಯಾಲ್ಡರ್ ಕೌಂಟಿಯ ಮಜ್ಲಿಸ್

ಅಲ್ ಖೋರ್, ಕತಾರ್
ಗುರುವಾರ, 24 ಅಕ್ಟೋಬರ್ 2024

ಮುಖ ತಿರುಗಿಸಿಕೊಂಡು ಕೂತಿರುವ ನನ್ನ ನಟಾಶಾಳಿಗೆ,

ಮಮ್ಮಿಯ ಮುತ್ತುಗಳು. ಬೇಡವೆಂದರೂ ತೆಗೆದುಕೋ.

ನೀನು ಫೋನ್ ಎತ್ತುವುದಿಲ್ಲ, ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ತೆರೆದೂ ನೋಡುವುದಿಲ್ಲ. ಅದಕ್ಕೇ ಕಾಗದದ ಮೇಲೆ ಬರೆದು, ಫೋಟೊ ತೆಗೆದು, ಮೇಲ್ ಮಾಡುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ ಆಡುವ ಮಮ್ಮಿ ಕನ್ನಡದಲ್ಲಿ ಯಾಕೆ ಬರೆದಳು ಅಂತ ಕೇಳಬೇಡ. ಮದುವೆಗೆ ಮೊದಲು ನಾನು ಶಿರ್ವದ ಕಡೆ ಕನ್ನಡ ಟೀಚರ್ ಆಗಿದ್ದವಳು. ಮನಸ್ಸಿನಲ್ಲಿದ್ದದ್ದು ಕಾಗದಕ್ಕೆ ಇಳಿಯುವುದು ಈ ಭಾಷೆಯಲ್ಲೇ. ಅಲ್ಲದೆ ನೀನು ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಇಂಗ್ಲಿಷಿನಲ್ಲಿ ಬರೆದರೆ ಮೇಲೆ ಮೇಲೆ ಕಣ್ಣಾಡಿಸಿ ಮುಚ್ಚಿಬಿಡುತ್ತೀ, ಇದನ್ನು ಹಾಗೆ ಮಾಡಲಿಕ್ಕಾಗುವುದಿಲ್ಲ. ಅಮೆರಿಕದ ನಿನ್ನ ಕೌಂಟಿಯಲ್ಲಿ ಇದನ್ನು ಓದಬಲ್ಲವರು ಇನ್ನೊಬ್ಬರಿಲ್ಲ ಎಂಬುದೂ ಒಳ್ಳೆಯದೇ. ನಮ್ಮ ಮನೆಯ ಮಾತು ಇನ್ನು ಯಾರ ಸಭೆಗೂ ಹೋಗುವುದು ಬೇಡ.

ಪಪ್ಪನ ವಿಷಯ ಮೊದಲು ಹೇಳುತ್ತೇನೆ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ರಾಸ್ ಲಫಾನ್‌ಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಚಹಾ ಮುಂದಿಟ್ಟರೆ ಅದು ಆರುವ ತನಕ ನೋಡುತ್ತಾ ಕೂರುತ್ತಾರೆ. ಮೀನು ಮಾಡಿದರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದಾರೆ. ನಿನ್ನ ಕೊನೆಯ ಮೆಸೇಜು ಅವರ ಫೋನಿನಲ್ಲಿದೆ: ಎರಡು ವರ್ಷ ಕಷ್ಟಪಟ್ಟು ನಾನು ಇಲ್ಲಿಯವರಲ್ಲಿ ಒಬ್ಬಳಾಗಿದ್ದೆ, ಮೂರು ನಿಮಿಷದಲ್ಲಿ ನೀವು ನನ್ನನ್ನು ಮತ್ತೆ ವೀಸಾದ ಹುಡುಗಿ ಮಾಡಿದಿರಿ, ಅಂತ. ಅದನ್ನು ಅವರು ದಿನವೂ ಓದುತ್ತಾರೆ. ಓದಬೇಡಿ ಅಂದರೆ, ಬರೆದದ್ದರಲ್ಲಿ ತಪ್ಪೇನಿದೆ ಅನ್ನುತ್ತಾರೆ.

ನಟಾಶಾ, ತಪ್ಪಾಗಿದೆ. ಅದನ್ನು ನಾನು ತೇಪೆ ಹಾಕಿ ಮುಚ್ಚುವುದಿಲ್ಲ. ಆದರೆ ಅದು ಹೇಗಾಯಿತು ಅಂತ ನಿನಗೆ ಗೊತ್ತಿರಬೇಕು.

ನೀನು ದೋಹಾದ ಲ್ಯಾಬ್ ಕೆಲಸ ಬಿಟ್ಟು ನೆವಾಡಾದ ಆ ಕೌಂಟಿಗೆ ಹೊರಟಾಗ ನಾನು ಮ್ಯಾಪು ತೆಗೆದು ನೋಡಿದೆ. ಹಸಿರು ಎನ್ನುವುದೇ ಇಲ್ಲ. ಮರಳುಗಾಡಿನಲ್ಲಿ ಹುಟ್ಟಿ ಬೆಳೆದವಳು ಇನ್ನೊಂದು ಒಣಗಾಡಿಗೆ ಹೋಗಲು ಅಷ್ಟು ದೂರ ಯಾಕೆ ಹಾರಬೇಕು ಅಂತ ಆಗಲೇ ಕೇಳಿದ್ದೆ. ದೋಹಾದಲ್ಲಿ ಲ್ಯಾಬುಗಳಿಗೇನು ಬರವೇ ಅಂತಲೂ ಕೇಳಿದ್ದೆ. ಈಗ ಕೇಳುವುದಿಲ್ಲ. ಆದರೆ ಪಪ್ಪನಿಗೆ ಆ ಮ್ಯಾಪು ಹಿಡಿಸಿಬಿಟ್ಟಿತು. ಕತಾರಿನಂಥ ಎರಡು ದೇಶ ಹಿಡಿಸುವ ನೆಲ, ಜನ ಮಾತ್ರ ನಾಲ್ಕು ಸಾವಿರದ ಆಸುಪಾಸು. ನಮ್ಮ ಈ ಕಂಪನಿ ಕಾಲೊನಿಯಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಉತ್ತರದಲ್ಲಿ ಮುಚ್ಚಿದ ಗಣಿ, ದಕ್ಷಿಣದ ಕಣಿವೆಯಲ್ಲಿ ದನದ ದೊಡ್ಡ ದೊಡ್ಡ ರ‍್ಯಾಂಚುಗಳು, ನಡುವೆ ಒಂದೇ ಒಂದು ಪೇಟೆ, ಅದರ ಕೊನೆಯಲ್ಲಿ ನಿನ್ನ ಸಣ್ಣ ಆಸ್ಪತ್ರೆ. ಉಳಿದ ನೆಲವೆಲ್ಲ ವಾಷಿಂಗ್ಟನ್ನಿನ ಸರಕಾರದ್ದು. ಅದರಲ್ಲಿ ದನ ಮೇಯಿಸಲು ಪರ್ಮಿಟ್ ಬೇಕು, ಹಾಗಾಗಿ ರ‍್ಯಾಂಚಿನವರಿಗೆ ಸರಕಾರವೆಂದರೆ ಆಗದು. ಹೊಸ ತೆರಿಗೆ ಅಂದರಂತೂ ಕೇಳುವುದೇ ಬೇಡ. ಈಚೆಗೆ ಕ್ಯಾಲಿಫೋರ್ನಿಯಾದಿಂದ ಬಂದು ಮನೆ ಕಟ್ಟಿಕೊಂಡ ನಿವೃತ್ತರಿಗೆ ಆಸ್ಪತ್ರೆ ಬೇಕು. ಅವರು ಓಟು ಹಾಕುವ ರೀತಿಯೂ ಬೇರೆ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ನೀನಲ್ಲ, ಪಪ್ಪ. ನಿನ್ನ ಬಾಯಿಂದ ಬಿದ್ದ ಒಂದೊಂದು ಮಾತನ್ನೂ ಅವರು ಹೆಕ್ಕಿ ಇಟ್ಟುಕೊಂಡಿದ್ದರು.

ಆಮೇಲೆ ಅವರಿಗೆ ಸಿಕ್ಕಿದ್ದು ಕಮಿಷನರುಗಳ ಸಭೆ. ನಮ್ಮ ಜಿಲ್ಲಾ ಪಂಚಾಯತಿನ ಹಾಗೆ ಕೌಂಟಿಯ ಮೂವರು ಕಮಿಷನರುಗಳು ತಿಂಗಳಿಗೆರಡು ಸಲ ಕೂರುತ್ತಾರೆ, ಅದನ್ನು ಕಂಪ್ಯೂಟರಿನಲ್ಲಿ ನೇರ ತೋರಿಸುತ್ತಾರೆ. ಅಲ್ಲಿ ಬೆಳಗಾಗುವಾಗ ಇಲ್ಲಿ ಸಂಜೆ. ತೇರ್ಸದ ಜಪಮಾಲೆ ಮುಗಿಸಿ ನಾವಿಬ್ಬರೂ ಹ್ಯಾಲ್ಡರ್ ಕೌಂಟಿಯನ್ನು ನೋಡಲು ಕೂರುತ್ತಿದ್ದೆವು. ಜನ ಸೀರಿಯಲ್ ನೋಡುತ್ತಾರೆ, ನಿನ್ನ ಅಪ್ಪ ಜಲ್ಲಿ ರಸ್ತೆಯ ಚರ್ಚೆ ನೋಡುತ್ತಾರೆ. ಯಾವ ಸೇತುವೆ ಕುಸಿದಿದೆ, ಯಾರ ದನ ಯಾರ ಹುಲ್ಲು ತಿಂದಿತು, ಎಲ್ಲವೂ ನಮಗೆ ಗೊತ್ತು. ಅಧ್ಯಕ್ಷ ಡೇಲ್ ಸಿಟ್ಟು ಬಂದಾಗ ಹ್ಯಾಟು ತೆಗೆದು ಮೇಜಿನ ಮೇಲಿಡುತ್ತಾನೆ ಅಂತ ಮಾತ್ರ ಗಮನಿಸಿದವಳು ನಾನೊಬ್ಬಳೇ. ಇಪ್ಪತ್ತೊಂಬತ್ತು ವರ್ಷ ಕತಾರಿನಲ್ಲಿ ಒಂದೇ ಒಂದು ಸಲ ಬಿಟ್ಟರೆ ಯಾವ ಸಭೆಯಲ್ಲೂ ಬಾಯಿ ತೆರೆಯದ ಮನುಷ್ಯ, ಪರದೆಯ ಎದುರು ಕೂತು ಡೇಲ್‌ನಿಗೆ ಬುದ್ಧಿ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ನಗಬಾರದಿತ್ತು.

ಆಗಸ್ಟಿನಲ್ಲಿ ನೀನೇ ಹೇಳಿದೆ: ಆಸ್ಪತ್ರೆ ನಡೆಸಲು ಬೇಕಾದ ಹೊಸ ತೆರಿಗೆ ನವೆಂಬರ್ ಐದರಂದು ಜನರ ಓಟಿಗೆ ಬರುತ್ತದೆ, ಸೋತರೆ ಆಸ್ಪತ್ರೆ ಮುಚ್ಚುತ್ತದೆ, ಕೆಲಸ ಹೋದರೆ ಅರುವತ್ತು ದಿನದಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲವಾದರೆ ದೇಶ ಬಿಡಬೇಕು. ದೇಶಕ್ಕೆ ಅಧ್ಯಕ್ಷರನ್ನು ಆರಿಸುವುದೂ ಅದೇ ದಿನ, ಆದರೆ ನಿಮ್ಮ ಪೇಟೆಯಲ್ಲಿ ಜನ ಜಗಳ ಆಡುವುದು ಆಸ್ಪತ್ರೆಗೆ ಅಂದೆ. ನಿನಗೆ ಓಟಿಲ್ಲ. ಆದರೂ ರಜೆಯ ದಿನ ಮನೆಮನೆಗೆ ಹೋಗಿ ಆಸ್ಪತ್ರೆಯ ಪರ ಮಾತಾಡುತ್ತಿದ್ದೆ. ಕಣಿವೆಯ ಮುದುಕನೊಬ್ಬ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದವನು ಕೊನೆಗೆ ಒಳಗೆ ಕರೆದು ತಿನ್ನಲು ಸೇಬಿನ ಪೈ ಕೊಟ್ಟ ಅಂತ ಹೇಳುವಾಗ ನಿನ್ನ ಸ್ವರ ಕೇಳಿ ಪಪ್ಪ ಕಣ್ಣು ಒರೆಸಿಕೊಂಡರು. ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ಇನ್ನು ಎಲ್ಲ ಕೆಟ್ಟುಹೋದ ಆ ಸೋಮವಾರದ ಸಭೆ. ಸಾರ್ವಜನಿಕರು ಮಾತಾಡಬಹುದು, ಒಬ್ಬೊಬ್ಬರಿಗೆ ಮೂರು ನಿಮಿಷ, ದೂರದಲ್ಲಿರುವವರು ಪರದೆಯಲ್ಲಿ ಕೈ ಎತ್ತಿ ಅಂತ ಡೇಲ್ ಹೇಳಿದ. ಪಪ್ಪ ನನ್ನ ಮುಖ ನೋಡಿದರು. ಎದ್ದು ಹೋಗಿ ಚರ್ಚಿನ ಪೂಜೆಗೆ ಹಾಕುವ ಕೋಟು ಹಾಕಿಕೊಂಡು ಬಂದರು. ಮೇಲೆ ಕೋಟು, ಕೆಳಗೆ ಲುಂಗಿ. ಕೈ ಎತ್ತಿಯೇಬಿಟ್ಟರು.

ಅವರಿಗೆ ಆ ಧೈರ್ಯ ಎಲ್ಲಿಂದ ಬಂತು ಗೊತ್ತೇ? ನೀನು ಮೂರನೇ ಕ್ಲಾಸಿನಲ್ಲಿರುವಾಗ ಪಪ್ಪನ ಹಳೆಯ ಕೆಲಸ ಹೋಗಿ, ವೀಸಾ ಬದಲಾಗದೆ ನಾವು ಗಂಟುಮೂಟೆ ಕಟ್ಟಿ ಕೂತಿದ್ದೆವು. ಇಸ್ಮಾಯಿಲ್ ಇದ್ದಾನಲ್ಲ, ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅಂಗಡಿಯವನು, ಅವನೇ ಪಪ್ಪನನ್ನು ವೀಸಾಕ್ಕೆ ಸಹಿ ಹಾಕಬೇಕಾದ ಸ್ಪಾನ್ಸರನ ಮಜ್ಲಿಸಿಗೆ ಕರೆದುಕೊಂಡು ಹೋದ. ರಮದಾನಿನ ಸಂಜೆ, ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಕೂತ ಜನ. ಅಲ್ಲಿ ಯಾರು ಬೇಕಾದರೂ ಹೋಗಿ ಕಷ್ಟ ಹೇಳಬಹುದು. ಪಪ್ಪ ಕೊನೆಯಲ್ಲಿ ಕೂತು, ಸರದಿ ಬಂದಾಗ ಎದ್ದು ನಿಂತು, ನನಗೊಬ್ಬ ಮಗಳಿದ್ದಾಳೆ, ಅವಳ ಶಾಲೆ ನಡುವಿನಲ್ಲಿ ನಿಲ್ಲುತ್ತದೆ ಅಂದರು. ಸ್ಪಾನ್ಸರರಾದ ಆ ಹಿರಿಯರು ಕಾಫಿ ಕೊಡಿಸಿ, ಖಲಾಸ್, ಆಯಿತು ಬಿಡು, ಹೋಗು, ಮಗಳನ್ನು ಓದಿಸು ಅಂದರು. ಒಂದು ವಾರದಲ್ಲಿ ಕಾಗದವಾಯಿತು. ಅಂದಿನಿಂದ ಪಪ್ಪನಿಗೆ ಒಂದು ನಂಬಿಕೆ: ಅಧಿಕಾರದಲ್ಲಿರುವವನ ಎದುರು ನೇರ ಹೋಗಿ, ಮುಚ್ಚುಮರೆಯಿಲ್ಲದೆ, ಮಗಳ ಹೆಸರು ಹೇಳಿ ಕೇಳಿದರೆ ಒಳ್ಳೆಯವನಾದವನು ಇಲ್ಲ ಅನ್ನುವುದಿಲ್ಲ.

ಡೇಲ್‌ನ ಸಭೆಯನ್ನೂ ಅವರು ಮಜ್ಲಿಸ್ ಅಂದುಕೊಂಡರು. ಮಜ್ಲಿಸಿನಲ್ಲಿ ಆಡಿದ್ದು ಮಜ್ಲಿಸಿನಲ್ಲೇ ಉಳಿಯುತ್ತದೆ. ನಿಮ್ಮಲ್ಲಿ ಆಡಿದ್ದು ದಾಖಲೆಗೆ ಹೋಗುತ್ತದೆ, ಪೇಪರಿಗೆ ಹೋಗುತ್ತದೆ, ಕರಪತ್ರಕ್ಕೆ ಹೋಗುತ್ತದೆ ಅಂತ ನಮಗೇನು ಗೊತ್ತು?

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವರ ಹೆಗ್ಗಣವೋ ಚಿನ್ನದ್ದು. ಸರ್, ನನ್ನ ಮಗಳು ನಿಮ್ಮ ಮಗಳ ಹಾಗೆ, ಅಂತ ಶುರು ಮಾಡಿದರು. ಅವಳನ್ನು ಕೈಬಿಡಬೇಡಿ, ಆಸ್ಪತ್ರೆ ಮುಚ್ಚಿದರೆ ಅವಳ ವೀಸಾ ಹೋಗುತ್ತದೆ ಅಂದರು. ಅಷ್ಟಕ್ಕೆ ನಿಲ್ಲಿಸಿದ್ದರೂ ಸಾಕಿತ್ತು. ನಿನ್ನನ್ನು ಹೊಗಳಬೇಕಲ್ಲ. ಆ ಲ್ಯಾಬಿನಲ್ಲಿ ಅವಳೊಬ್ಬಳೇ, ವಾರಗಟ್ಟಲೆ ರಜೆಯಿಲ್ಲ, ಮೆಷಿನ್ನಿನ ಪಕ್ಕ ಮಂಚ ಹಾಕಿ ಮಲಗುತ್ತಾಳೆ, ಕಣ್ಣು ಮುಚ್ಚಿಕೊಂಡೇ ರಕ್ತ ಪರೀಕ್ಷೆ ಮಾಡುತ್ತಾಳೆ ಅಂದುಬಿಟ್ಟರು. ಸಭೆಯಲ್ಲಿ ಯಾರೋ ನಕ್ಕರು. ಹಾಗಾದರೆ ನಮ್ಮ ತೆರಿಗೆ ಇವರ ವೀಸಾಕ್ಕೋ ಅಂತ ಇನ್ನೊಬ್ಬ ಕೇಳಿದ. ಆಗ ಕ್ಯಾಮೆರಾ ತಿರುಗಿತು, ಹಿಂದಿನ ಸಾಲಿನಲ್ಲಿ ನೀನು ಕಂಡೆ. ನೀನು ಅಲ್ಲಿದ್ದೀ ಅಂತ ನಮಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿದ್ದೆ. ಅಲ್ಲಿಯ ಗೋಡೆಯ ಪರದೆಯಲ್ಲಿ ನಿನ್ನ ಅಪ್ಪನ ಮುಖ ಅಷ್ಟು ದೊಡ್ಡದಾಗಿ ಕಾಣುತ್ತಿತ್ತು. ಡೇಲ್ ಹ್ಯಾಟು ತೆಗೆದು ಮೇಜಿನ ಮೇಲಿಟ್ಟ. ಥ್ಯಾಂಕ್ಯೂ ಸರ್, ನಿಮ್ಮ ಸಮಯ ಮುಗಿಯಿತು ಅಂದ.

ಪಪ್ಪ ನನ್ನ ಕಡೆ ತಿರುಗಿ, ಹ್ಯಾಟು ತೆಗೆದ ನೋಡು, ಮರ್ಯಾದೆ ಕೊಟ್ಟ, ಅಂದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಆಸ್ಪತ್ರೆಯ ಮ್ಯಾನೇಜರ್ ನಿನ್ನನ್ನು ಕರೆದು ವಿಚಾರಿಸಿದ್ದು, ನಿದ್ದೆಗೆಟ್ಟ ಪರದೇಶಿ ಹುಡುಗಿಯ ಕೈಯಲ್ಲಿ ನಿಮ್ಮ ರಕ್ತವೇ ಅಂತ ಕಣಿವೆಯವರು ಕರಪತ್ರ ಹಂಚಿದ್ದು, ಪೈ ಕೊಟ್ಟ ಮುದುಕನೂ ಅಂಗಡಿಯಲ್ಲಿ ನಿನ್ನನ್ನು ಕಂಡು ಬೇರೆ ಸಾಲಿಗೆ ಹೋದದ್ದು, ಎಲ್ಲ ನಿನ್ನ ಮೆಸೇಜಿನಿಂದ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಸ್ಮಾಯಿಲ್ ಮೊನ್ನೆ ಬಂದಿದ್ದ. ಪಪ್ಪನ ಹತ್ತಿರ, ಮಾರಿಸಣ್ಣ, ಮಜ್ಲಿಸ್ ಅಂದರೆ ಕಾಫಿ ಕೊಡ್ತಾರೆ, ಅಲ್ಲಿ ಕಾಫಿ ಮಾಫಿ, ಕಾಫಿಯೇ ಇಲ್ಲ, ಆಗಲೇ ನಿಮಗೆ ಗೊತ್ತಾಗಬೇಕಿತ್ತು ಮಾರಾಯ್ರೆ, ಅಂದ. ನಗಿಸಲೆಂದೇ ಅಂದದ್ದು. ಪಪ್ಪ ಎದ್ದು ಒಳಗೆ ಹೋದರು.

ನಾನು ನಿನ್ನಲ್ಲಿ ಕೇಳುವುದು ಇಷ್ಟೇ. ಓಟಿನ ದಿನಕ್ಕೆ ಮೊದಲು ಒಂದು ಸಲ ಪಪ್ಪನಿಗೆ ಫೋನ್ ಮಾಡು. ಸೋತ ಮೇಲೆ ಮಾಡಿದರೆ ಅದು ದೂರಿನ ಹಾಗೆ ಕೇಳಿಸುತ್ತದೆ, ಗೆದ್ದ ಮೇಲೆ ಮಾಡಿದರೆ ಕ್ಷಮೆಯ ಹಾಗೆ. ಈಗಲೇ ಮಾಡಿದರೆ ಬರೀ ಮಗಳು ಮಾಡಿದ ಫೋನು. ಬೈಯಬೇಕಿದ್ದರೆ ಬೈ. ಬೈಗುಳವಾದರೂ ಕಿವಿಗೆ ಬಿದ್ದರೆ ಆ ಮನುಷ್ಯ ಊಟ ಮಾಡಿಯಾರು.

ಚಳಿ ಶುರುವಾಗಿರಬೇಕು. ಕಿವಿ ಮುಚ್ಚಿಕೊಂಡು ಓಡಾಡು. ಲ್ಯಾಬಿನಲ್ಲಿ ಮಲಗಬೇಡ, ಮನೆಗೆ ಹೋಗಿ ಮಲಗು.

ನಿನ್ನವಳೇ ಆದ,
ಮಮ್ಮಿ
(ಕೊನ್ಸೆಪ್ಟಾ)

ತಾ.ಕ.: ಕಾಗದ ಮಡಚಿಟ್ಟಿದ್ದೆ, ಫೋಟೊ ತೆಗೆಯಲು ಕೈ ಬರಲಿಲ್ಲ. ಆಗಸ್ಟಿನಿಂದ ಇಲ್ಲಿ ರಜೆಯ ದಿನವಾದ ಪ್ರತಿ ಶುಕ್ರವಾರ ದೋಹಾದ ಇಗರ್ಜಿಯಲ್ಲಿ ಪಪ್ಪ ಮಂಡಿ ನೋವಿದ್ದರೂ ಮೊಣಕಾಲೂರಿ ಆ ತೆರಿಗೆ ಗೆಲ್ಲಲಿ ಅಂತ ಬೇಡುತ್ತಾರೆ. ಪಕ್ಕದಲ್ಲಿ ನಾನೂ ಮೊಣಕಾಲೂರುತ್ತೇನೆ. ಇಬ್ಬರೂ ಒಂದನ್ನೇ ಬೇಡುತ್ತಿದ್ದೇವೆ ಅಂತ ಅವರು ನಂಬಿದ್ದಾರೆ. ನಾನು ಬೇಡಿದ್ದು ಸೋಲಲಿ ಅಂತ, ಮಗಳೇ. ಆ ಆಸ್ಪತ್ರೆ ಮುಚ್ಚಲಿ, ನನ್ನ ಹುಡುಗಿ ಮನೆಗೆ ಬರಲಿ ಅಂತ. ಅಲ್ಲಿ ಎದೆನೋವು ಬಂದವರು ಮೂರು ಗಂಟೆ ದಾರಿ ಹೋಗಬೇಕಾಗುತ್ತದೆ ಅಂತ ಗೊತ್ತಿದ್ದೂ ಬೇಡಿದೆ. ಪಪ್ಪನ ಮಾತು ಕೆಟ್ಟ ದಿನ ನನ್ನ ಪ್ರಾರ್ಥನೆ ಫಲಿಸಿತು ಅಂತ ಒಂದು ಗಳಿಗೆ ಸಂತೋಷವೂ ಆಯಿತು. ನಿನ್ನನ್ನು ನಿನಗೆ ಬೇಕಾದಲ್ಲಿ ಉಳಿಸಲು ಬಾಯಿ ತೆರೆದವರು ಅವರೊಬ್ಬರೇ. ಫೋನು ಅವರಿಗೆ ಮಾಡು. ಸಿಟ್ಟು ನನ್ನ ಮೇಲಿರಲಿ.